ಗಾಲಿಯ ಗೀರು

ಮಳೆ ನಿಂತರೆ ದಾರಿ ತೆರೆಯಿತು ಅಂತಲ್ಲ.
ಯವಕಪಾಡಿಯ ಮೇಲಿನ ಓಣಿಗೆ
ಮಳೆ ನಿಂತ ಸುದ್ದಿ ತಲುಪುವುದು ಎರಡು ದಿನ ತಡವಾಗಿ.
ಅಲ್ಲಿಯವರೆಗೆ ಮರ ತೊಟ್ಟಿಕ್ಕುತ್ತಲೇ ಇರುತ್ತದೆ,
ಮಣ್ಣು ಕುಡಿದದ್ದನ್ನೆಲ್ಲ ನಿಧಾನ ಕಕ್ಕುತ್ತದೆ.

ಅದಕ್ಕೇ ಓಣಿಯ ಬಾಯಿಗೆ ಬಿದಿರು ಅಡ್ಡ ಕಟ್ಟಿ
ಹಲಗೆ ತೂಗುಹಾಕಿದ್ದೆ. ಪೇಂಟು ಮುಗಿದಿತ್ತು,
ಸುಣ್ಣದಲ್ಲೇ ಬರೆದೆ, ಸೈಕಲ್ಲಿನವರಿಗೆ:
ಒಂದು ಹಿಡಿ ಮಣ್ಣು ತೆಗೆದು ಹಿಂಡಿ ನೋಡಿ.
ಉಂಡೆಯಾದರೆ ವಾಪಸು ಹೋಗಿ.
ಪುಡಿಯಾದರೆ ಬನ್ನಿ.

ಮದ್ದು ಪಾಯಸ ಉಂಡ ಮರುದಿನ, ಕಕ್ಕಡ ಹತ್ತೊಂಬತ್ತು,
ಅಪರೂಪಕ್ಕೆ ಬಿಸಿಲು.
ಗುದ್ದಲಿ ಹಿಡಿದು ಕೆಳಗಿನಿಂದ ಹತ್ತಿದೆವು
ನಾನು, ಕುಡಿಯರ ಬೆಳ್ಯಪ್ಪ,
ಜಿಗಣೆಗೆಂದು ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು.

ಮೊದಲು ಕಂಡದ್ದು ಹೆಜ್ಜೆ.
ದಾರಿಯ ನಡುವೆ ಅಲ್ಲ, ಅಂಚಿನಲ್ಲಿ,
ಕಲ್ಲಿನಿಂದ ಕಲ್ಲಿಗೆ, ಕಲ್ಲಿಲ್ಲದಲ್ಲಿ ಬೇರಿನ ಮೇಲೆ.
ಬೆಳ್ಯಪ್ಪ ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟ:
‘ಒಬ್ಬನೇ. ಬಲಗಾಲು ಆಳ. ಬಲ ಹೆಗಲಲ್ಲಿ ಹೊರೆ.’
ಕಾಡುಹಂದಿಯೋ, ಬೀಟೆಯ ತುಂಡೋ,
ನನ್ನ ತಲೆಯೊಳಗೆ ಆಗಲೇ ಅವನ ಮೇಲೆ ಕೇಸು ದಾಖಲಾಗಿತ್ತು.

ನೂರು ಮಾರು ಮೇಲೆ, ಒಂದು ಚಪ್ಪಟೆ ಕಲ್ಲಿನ ಹತ್ತಿರ
ಹೆಜ್ಜೆ ಮುಗಿಯಿತು. ಅಲ್ಲ, ಅಲ್ಲಿಂದಲೇ ಶುರು,
ನಾವು ಕತೆಯನ್ನು ಕೊನೆಯಿಂದ ಓದುತ್ತಿದ್ದೆವು.
ಕಲ್ಲಿನ ಮೇಲೆ ಕೆಂಪು ಮಣ್ಣಿನ ಒಂದು ಉಂಡೆ,
ನಾಲ್ಕು ಬೆರಳಿನ ಅಚ್ಚು ಹಾಗೇ ಇತ್ತು.
ಅದರಾಚೆ ಟೈರು.

ಅಗಲ ಟೈರು, ಗಂಟುಗಂಟಿನ ಅಚ್ಚು.
ಹಿಂದಿನ ಬ್ರೇಕು ಒತ್ತಿ ಜಾರಿದಲ್ಲೆಲ್ಲ
ಗೇಣುದ್ದ ಸಿಪ್ಪೆ ಸುಲಿದಿತ್ತು ದಾರಿ.
ನೀರು ನಿಂತ ಹೊಂಡಕ್ಕೆ ಇಳಿಯದೆ
ಪಕ್ಕದ ಜರಿಗಿಡಗಳ ಮೇಲೆ ಹತ್ತಿಸಿದ್ದ.
ಹೊಂಡದೊಳಗೇ ಹೋಗಬೇಕು ಕಣೋ,
ಒದ್ದೆಯಾಗುವುದು ನಿನ್ನ ಚಡ್ಡಿ ತಾನೆ?
ನೀನೊಬ್ಬ ಸುತ್ತಿದೆ, ನಾಳೆ ಇನ್ನೊಬ್ಬ ನಿನ್ನನ್ನು ಸುತ್ತುತ್ತಾನೆ,
ಒಂಟಿಗಾಲಿಯ ಓಣಿ ಹೀಗೇ ಜೀಪಿನ ರಸ್ತೆಯಾಗುವುದು.
ಯಾರಿಗೆ ಬೈಯುತ್ತಿದ್ದೆನೋ, ಕಾಡು ಕೇಳಿಸಿಕೊಂಡಿತು.

ಅವನ ಭಾರ ಈ ಬೆಟ್ಟಕ್ಕೆ ಭಾರವೇ ಅಲ್ಲ.
ಆದರೆ ನೀರು ಒಂದು ಗೀರಿಗಾಗಿ
ವರ್ಷವಿಡೀ ಕಾಯುತ್ತದೆ.

ನನಗೆ ಗೊತ್ತು. ಆರು ವರ್ಷದ ಹಿಂದೆ
ಇದೇ ಬಾಣೆಯ ಇಳಿಜಾರಿನಲ್ಲಿ
ಹೊಸ ಸೈಕಲ್ಲಿನ ಹುರುಪು, ಜಡಿಮಳೆ,
ಕೂಗುತ್ತಾ ಇಳಿದವಳು ನಾನು.
ಎರಡು ಬೆರಳಗಲದ ಗೀರು.
ಈಗ ಅದರೊಳಗೆ ಕರು ಬಿದ್ದರೆ ಎತ್ತಲು ಹಗ್ಗ ಬೇಕು.
ಊರವರು ಹೆಸರೂ ಇಟ್ಟಿದ್ದಾರೆ: ಬೊಳ್ಳುವಿನ ಕೊಲ್ಲಿ.
ನಮ್ಮ ಮನೆತನದಲ್ಲಿ ಗದ್ದೆಗೆ ಹೆಸರಾದವರಿದ್ದಾರೆ,
ಕೆರೆಗೆ, ಕಡಂಗಕ್ಕೆ ಹೆಸರಾದವರಿದ್ದಾರೆ.
ಚರಂಡಿಗೆ ನಾನೊಬ್ಬಳೇ.

ಹತ್ತುತ್ತಾ ಹತ್ತುತ್ತಾ ಓಣಿಯ ಬಾಯಿಗೆ ಬಂದೆವು.
ಬಿದಿರು ಸರಿಸಿ, ಮತ್ತೆ ಮೊದಲಿನಂತೆ ಇಟ್ಟು
ಹಗ್ಗ ಕೂಡ ಬಿಗಿದಿದ್ದ, ಮರ್ಯಾದಸ್ಥ.
ಬೆಳ್ಯಪ್ಪ ಹಲಗೆಯ ಮುಂದೆ ನಿಂತೇ ಇದ್ದ.
ಅವನು ಓದುವುದು ನಿಧಾನ.
ಆಮೇಲೆ ನಗತೊಡಗಿದ.

ಮಳೆ ಸುಣ್ಣವನ್ನು ತೊಳೆದು ಉಳಿಸಿದ್ದು ಇಷ್ಟು:
ಒಂದು ಹಿಡಿ ಮಣ್ಣು
ಬನ್ನಿ.

ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು.
ಬಂದಿದ್ದಾನೆ, ಕರೆದದ್ದಕ್ಕೆ.
ಅರ್ಧ ದಾರಿಯಲ್ಲಿ ಜಾರಿ, ಏನೋ ನೆನಪಾಗಿ
ಹಿಡಿ ಮಣ್ಣು ತೆಗೆದು, ಹಿಂಡಿ,
ಮುಷ್ಟಿ ಬಿಚ್ಚಿ ನೋಡಿದ್ದಾನೆ.
ಅಳಿಸಿದ ಸಾಲನ್ನು ಮಣ್ಣೇ ಓದಿ ಹೇಳಿರಬೇಕು.
ಹದಿನೈದು ಕಿಲೋ ಸೈಕಲ್ಲು ಹೆಗಲಿಗೇರಿಸಿ
ಕಲ್ಲು ಹುಡುಕಿ ಹುಡುಕಿ ಇಳಿದಿದ್ದಾನೆ
ಜಿಗಣೆಗಳ ನಡುವೆ, ಕತ್ತಲಾಗುತ್ತಾ.

ಇಳಿಯುವಾಗ ಗೀರುಗಳನ್ನು ಒಂದೊಂದೇ ಮುಚ್ಚಿದೆವು,
ಗುದ್ದಲಿಯ ಬೆನ್ನಿಂದ ತಟ್ಟಿ,
ನೀರು ಪಕ್ಕಕ್ಕೆ ಹರಿಯಲು ಓರೆಯಾಗಿ ಕಲ್ಲು ಹೂಳಿ.
ಹೆಜ್ಜೆಗಳನ್ನು ಮುಟ್ಟಲಿಲ್ಲ.
ಪೇಂಟಿಗೆ ನಾಪೋಕ್ಲಿಗೆ ಹೋಗಬೇಕು, ಸೋಮವಾರ, ಸಂತೆಗೆ.

ಉಂಡೆ ಆ ಕಲ್ಲಿನ ಮೇಲೇ ಇದೆ.
ದಿನಾ ಹೋಗಿ ಬೆರಳಲ್ಲಿ ಒತ್ತಿ ನೋಡುತ್ತೇನೆ.
ಇವತ್ತೂ ಮೆತ್ತಗಿತ್ತು.